ಮಕ್ಕಳನ್ನು ಕರೆದುಕೊಂಡು ಮಯಾಮಿಗೆ ಬರಬಹುದಾ? ಆಂಡ್ರೂ ಚಂಡಮಾರುತ ಕಂಡವಳ ಉತ್ತರ

ಬನ್ನಿ, ಖಂಡಿತ ಬನ್ನಿ. ಮೊದಲೇ ಇಷ್ಟು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಮೆಸೇಜಿನ ತುಂಬ ಭಯವೇ ಇದೆ. ಯಜಮಾನರಿಗೆ ಮಯಾಮಿಯಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಎಂಟು, ಮಗನಿಗೆ ಐದು. ಹಾಸನದಲ್ಲಿ ಅತ್ತೆ ಮಾವ ಟಿವಿಯಲ್ಲಿ ಚಂಡಮಾರುತದ ಸುದ್ದಿ ನೋಡಿ "ಆ ಊರೊಂದು ಬೇಡ" ಅನ್ನುತ್ತಿದ್ದಾರೆ. ನಾನು ಚಿಕ್ಕವಳಿದ್ದಾಗ ಇಲ್ಲಿ ದೊಡ್ಡ ಹರಿಕೇನ್ (ಚಂಡಮಾರುತಕ್ಕೆ ಇಲ್ಲಿನ ಹೆಸರು) ನೋಡಿದ್ದೇನೆ ಅಂತ ನಿಮಗೆ ಯಾರೋ ಹೇಳಿದ್ದಾರೆ. ಅದರಿಂದ ಮಕ್ಕಳ ಮನಸ್ಸಿಗೆ ಏನಾಗುತ್ತದೆ, ಇಂಥ ಊರಿನಲ್ಲಿ ಮಕ್ಕಳನ್ನು ಬೆಳೆಸಬಹುದಾ ಅಂತ ಕೇಳಿದ್ದೀರಿ.

ಹೌದು, 1992ರ ಆಂಡ್ರೂ. ಆಗ ನನಗೂ ನಿಮ್ಮ ಮಗಳಷ್ಟೇ ವಯಸ್ಸು. ಅವತ್ತಿನಿಂದ ಇವತ್ತಿನವರೆಗೂ ಇದೇ ಊರಿನಲ್ಲಿದ್ದೇನೆ. ನನ್ನ ಮಕ್ಕಳೂ ಇಲ್ಲೇ ಬೆಳೆದರು. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಗೊತ್ತಾಗಿರುವುದು ಒಂದೇ. ಎಲ್ಲರೂ ಹೆದರುವುದು ಗಾಳಿಯ ರಾತ್ರಿಗೆ. ಕಷ್ಟ ಇರುವುದು ಆಮೇಲಿನ ವಾರಗಳಲ್ಲಿ. ಆಂಡ್ರೂನಲ್ಲಿ ಫ್ಲಾರಿಡಾದಲ್ಲಿ ನೇರವಾಗಿ ಸತ್ತವರು 15 ಜನ. ಆ ಹೊತ್ತಿನ ಮತ್ತು ಆಮೇಲಿನ ಬೇರೆ ಕಾರಣಗಳಿಂದ ಸತ್ತವರು ಅದಕ್ಕಿಂತ ಜಾಸ್ತಿ. ಹಾಗಾಗಿ ರಾತ್ರಿಗೆ ಎಷ್ಟು ತಯಾರಿ ಮಾಡುತ್ತೀರೋ, ಆಮೇಲಿನ ದಿನಗಳಿಗೆ ಅದರ ಎರಡರಷ್ಟು ಮಾಡಿ.

ಆಂಡ್ರೂಗಿಂತ ಮುಂಚೆ ಈ ಭಾಗಕ್ಕೆ ಬಡಿದ ದೊಡ್ಡ ಹರಿಕೇನ್ ಅಂದರೆ 1965ರ ಬೆಟ್ಸಿ. ನಡುವೆ 27 ವರ್ಷ. ಹಾಗಾಗಿ ನಮ್ಮ ಬೀದಿಯಲ್ಲಿ ಹೆಚ್ಚಿನವರಿಗೆ, ಇಲ್ಲೇ ಹುಟ್ಟಿದವರಿಗೂ, ಅದು ಹೊಸದು. ಶುಕ್ರವಾರ ಆಂಡ್ರೂ ಇನ್ನೂ ಹರಿಕೇನ್ ಕೂಡ ಆಗಿರಲಿಲ್ಲ. ಶನಿವಾರ ಆಯಿತು. ಭಾನುವಾರ ಬೆಳಗ್ಗೆ ಎಚ್ಚರಿಕೆ ಕೊಟ್ಟರು. ಸೋಮವಾರ, ಆಗಸ್ಟ್ 24ರ ಬೆಳಗಿನ ಜಾವ ನಮ್ಮ ತಲೆ ಮೇಲೆ ಬಂದಿತ್ತು. ತಯಾರಿಗೆ ಸಿಕ್ಕಿದ್ದು ಒಂದು ಹಗಲು ಅಷ್ಟೇ.

ಆ ಭಾನುವಾರ ಅಪ್ಪ ಪ್ಲೈವುಡ್ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದರು. ಅಂಗಡಿಗಳಲ್ಲಿ ಬ್ರೆಡ್ ಇಲ್ಲ, ನೀರಿನ ಬಾಟಲಿ ಇಲ್ಲ, ಟಾರ್ಚಿಗೆ ಸೆಲ್ ಇಲ್ಲ. ಪಕ್ಕದ ಮನೆಯ ಕ್ಯೂಬಾದ ತಾತ ತಮ್ಮ ಗ್ಯಾರೇಜಿನಲ್ಲಿ ಉಳಿದಿದ್ದ ಹಲಗೆಗಳನ್ನು ತಂದು, ಅಪ್ಪನ ಜೊತೆ ನಿಂತು, ಮುಂದಿನ ಕಿಟಕಿಗಳಿಗೆ ಹೊಡೆದು ಕೊಟ್ಟರು. ಹಿಂದಿನವಕ್ಕೆ ಸಾಲಲಿಲ್ಲ. ಅಮ್ಮ ಮಾತ್ರ ಒಂಚೂರೂ ಗಾಬರಿಯಾಗಲಿಲ್ಲ. ದಿನ ಬಿಟ್ಟು ದಿನ ನಲ್ಲಿ ಬರುವ ಊರಿನಲ್ಲಿ ಬೆಳೆದವರು. ಬಿಂದಿಗೆ, ಕುಕ್ಕರ್, ಪಾಯಸದ ದೊಡ್ಡ ಪಾತ್ರೆ, ಕೊನೆಗೆ ಸ್ನಾನದ ತೊಟ್ಟಿ, ಎಲ್ಲದರಲ್ಲೂ ನೀರು ತುಂಬಿಸಿದರು. ಆ ನೀರೇ ನಮ್ಮನ್ನು ಉಳಿಸಿತು ಅಂತ ಈಗಲೂ ಅಂದುಕೊಳ್ಳುತ್ತೇನೆ.

ರಾತ್ರಿ ಕರೆಂಟ್ ಹೋಯಿತು. ರೇಡಿಯೋದಲ್ಲಿ ಬ್ರಯನ್ ನಾರ್ಕ್ರಾಸ್ ಅನ್ನುವ ಟಿವಿ ಹವಾಮಾನ ತಜ್ಞರ ದನಿ ಬರುತ್ತಿತ್ತು. ಅವರು ಸುಮಾರು 23 ಗಂಟೆ ಬಿಡದೆ ಮಾತಾಡಿದರು. ಮನೆಯ ನಡುಭಾಗದ ಸಣ್ಣ ಕೋಣೆಗೆ ಹೋಗಿ, ಹಾಸಿಗೆಯನ್ನು ಮೈಮೇಲೆ ಎಳೆದುಕೊಳ್ಳಿ ಅಂತ ಅವರು ಹೇಳಿದಂತೆಯೇ ಮಾಡಿದೆವು. ಬಟ್ಟೆ ಇಡುವ ಕ್ಲೋಸೆಟ್ಟಿನಲ್ಲಿ ಅಮ್ಮ, ಅಕ್ಕ, ನಾನು. ಬಾಗಿಲಿಗೆ ಬೆನ್ನು ಕೊಟ್ಟು ಅಪ್ಪ. ನಾಲ್ಕು ಗಂಟೆ ದಾಟಿದ ಮೇಲೆ ಹಿಂದಿನ ಕೋಣೆಯ ಕಿಟಕಿ ಒಡೆಯಿತು. ಆಗ ನನ್ನ ಕಿವಿ ಎರಡೂ ಕಟ್ಟಿಕೊಂಡವು, ಶಿರಾಡಿ ಘಾಟಿನಲ್ಲಿ ಬಸ್ಸು ಸರ್ರನೆ ಇಳಿಯುವಾಗ ಆಗುತ್ತದಲ್ಲ, ಹಾಗೆ. ಮೇಲಿನಿಂದ ನೀರು ಬರತೊಡಗಿತು. ಯಾವುದೋ ಕೋಣೆಯ ಸೀಲಿಂಗ್ ಧೊಪ್ಪನೆ ಬಿತ್ತು. ಅಕ್ಕ ಅಳತೊಡಗಿದಳು. ಆಗ ಅಮ್ಮ "ಮಗ್ಗಿ ಹೇಳಿ, ಜೋರಾಗಿ" ಅಂದರು. ಎರಡರ ಮಗ್ಗಿಯಿಂದ ಶುರು ಮಾಡಿದೆವು. ತಪ್ಪಿದರೆ ಮತ್ತೆ ಮೊದಲಿಂದ. ಗಾಳಿಯ ಸದ್ದಿಗಿಂತ ಜೋರಾಗಿ ಹೇಳಬೇಕು ಅಂತ ನನಗೂ ಅಕ್ಕನಿಗೂ ಹಠ ಬಂತು. ಬೆಳಕು ಹರಿಯುವವರೆಗೂ ಹೇಳುತ್ತಲೇ ಇದ್ದೆವು.

ನಮಗೆ ನಡುವೆ ಬಿಡುವು ಸಿಗಲಿಲ್ಲ. ಹರಿಕೇನಿನ ಕಣ್ಣು, ಅಂದರೆ ನಡುವಿನ ಶಾಂತ ಭಾಗ, ನಮ್ಮ ದಕ್ಷಿಣಕ್ಕೆ, ಹೋಮ್‌ಸ್ಟೆಡ್ ಮೇಲೆ ಹಾದುಹೋಯಿತು. ನಾವಿದ್ದ ಕೆಂಡಾಲ್ ಅದರ ಉತ್ತರಕ್ಕಿತ್ತು. ಹೋಮ್‌ಸ್ಟೆಡ್ ಕಡೆಯಿಂದ ಆಮೇಲೆ ನಮ್ಮ ಶಾಲೆಗೆ ಸೇರಿದ ಹುಡುಗಿಯೊಬ್ಬಳು ನಡುವೆ ಎಲ್ಲ ಶಾಂತವಾಯಿತು, ಮುಗಿಯಿತು ಅಂದುಕೊಂಡಾಗ ಇನ್ನೊಂದು ದಿಕ್ಕಿನಿಂದ ಮತ್ತೆ ಬಂತು ಅಂತ ಹೇಳುತ್ತಿದ್ದಳು. ಗಾಳಿಯದು ಗಂಟೆಗೆ 165 ಮೈಲಿ, ಅಂದರೆ ಸುಮಾರು 265 ಕಿಲೋಮೀಟರ್ ವೇಗ. ಮೊದಲು ಇದನ್ನು ನಾಲ್ಕನೇ ದರ್ಜೆ ಅಂದಿದ್ದರು, 2002ರಲ್ಲಿ ಮತ್ತೆ ಲೆಕ್ಕ ಹಾಕಿ ಎಲ್ಲಕ್ಕಿಂತ ಮೇಲಿನ ಐದನೇ ದರ್ಜೆಗೆ ಏರಿಸಿದರು. ಪಕ್ಕದ ಕೋರಲ್ ಗೇಬಲ್ಸಿನಲ್ಲಿ, ಹರಿಕೇನ್ ಮುನ್ಸೂಚನೆ ಕೊಡುವ ರಾಷ್ಟ್ರೀಯ ಕೇಂದ್ರದ ಛಾವಣಿ ಮೇಲಿದ್ದ ರೇಡಾರೇ ಹಾರಿಹೋಯಿತು ಅಂದರೆ ಯೋಚಿಸಿ.

ಬೆಳಗ್ಗೆ ಬಾಗಿಲು ತೆಗೆದಾಗ ನನಗೆ ನಮ್ಮ ಬೀದಿ ಗುರುತು ಸಿಗಲಿಲ್ಲ. ಮರಗಳಲ್ಲಿ ಒಂದು ಎಲೆಯೂ ಇಲ್ಲ. ತಾತನ ಮನೆಯ ಬೆಣ್ಣೆಹಣ್ಣಿನ ಮರ ಬೇರು ಸಮೇತ ಮಗುಚಿತ್ತು. ದಕ್ಷಿಣಕ್ಕಿದ್ದ ಮಾವು, ಲಿಚಿ ತೋಟಗಳೂ ಹೀಗೇ ನೆಲಕಚ್ಚಿದವು. ಬೀದಿಯ ಹೆಸರಿನ ಫಲಕ ಒಂದೂ ಉಳಿದಿರಲಿಲ್ಲ. ಕೆಲವು ದಿನದಲ್ಲೇ ಜನ ಗೋಡೆಯ ಮೇಲೆ ಸ್ಪ್ರೇ ಪೇಂಟಿನಲ್ಲಿ ಮನೆ ನಂಬರ್ ಮತ್ತು ಇನ್ಶೂರೆನ್ಸ್ ಕಂಪನಿಯ ಹೆಸರು ದೊಡ್ಡದಾಗಿ ಬರೆದರು, ತಪಾಸಣೆಗೆ ಬರುವವರಿಗೆ ಗೊತ್ತಾಗಲಿ ಅಂತ. ಇಡೀ ಫ್ಲಾರಿಡಾದಲ್ಲಿ 63,000ಕ್ಕೂ ಹೆಚ್ಚು ಮನೆ ಪೂರ್ತಿ ಹಾಳಾಗಿದ್ದವು. ನಮ್ಮದು ಅರ್ಧ ಹಾಳು. ಗೋಡೆ ಇತ್ತು, ಹಿಂದಿನ ಛಾವಣಿ ಇರಲಿಲ್ಲ.

ಇಲ್ಲಿಂದ ಮುಂದಿನದೇ ನಿಜವಾದ ಕಥೆ. ಆಗಸ್ಟಿನ ಮಯಾಮಿ ಅಂದರೆ ಮಂಗಳೂರಿನ ಏಪ್ರಿಲ್ ಸೆಕೆ, ಫ್ಯಾನೂ ಇಲ್ಲ. ಒದ್ದೆ ಕಾರ್ಪೆಟ್ಟಿನ ವಾಸನೆ, ಕೊಳೆತ ಫ್ರಿಜ್ಜಿನ ವಾಸನೆ, ರಾತ್ರಿಯೆಲ್ಲ ಸೊಳ್ಳೆ. ಮೇಲೆ ಹೆಲಿಕಾಪ್ಟರ್. ಸೈನ್ಯ ಬರಲು ತಡವಾಯಿತು. ಕೌಂಟಿಯ (ಇಲ್ಲಿನ ಜಿಲ್ಲೆ) ತುರ್ತು ವಿಭಾಗದ ಮುಖ್ಯಸ್ಥೆ ಕೇಟ್ ಹೇಲ್ ಟಿವಿ ಮುಂದೆ ಸಿಟ್ಟಿನಿಂದ ಕೇಂದ್ರ ಸರ್ಕಾರವನ್ನು ಪ್ರಶ್ನಿಸಿದ ಮೇಲೇ ದಂಡು ದಂಡಾಗಿ ಬಂದರು. ಐಸಿಗೆ ಸಾಲು, ನೀರಿಗೆ ಸಾಲು. ಅಪ್ಪ ಊರಿಗೆ ಫೋನ್ ಮಾಡಲು ಇನ್ನೊಂದು ಸಾಲಿನಲ್ಲಿ ನಿಂತು ಬಂದರು. ಅಲ್ಲಿ ಅಜ್ಜ ಪೇಪರಿನಲ್ಲಿ ಸುದ್ದಿ ಓದಿ ಊಟ ಬಿಟ್ಟು ಕೂತಿದ್ದರಂತೆ.

ನಮ್ಮದು ಕರೆಂಟ್ ಒಲೆ, ಹಾಗಾಗಿ ಅಡುಗೆ ಬಂದ್. ಆಗ ಕೈ ಹಿಡಿದಿದ್ದು ಅವಲಕ್ಕಿ. ಊರಿಂದ ಬಂದವರು ತಂದ ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು. ನೆನೆಸಿದರೆ ಆಯಿತು, ಒಲೆ ಬೇಡ. ಅಮ್ಮ ಕ್ಯೂಬಾದ ತಾತನಿಗೂ ಒಂದು ಬಟ್ಟಲು ಕೊಡುತ್ತಿದ್ದರು. ಅವರು ಇದ್ದಿಲ ಒಲೆಯಲ್ಲಿ ಕಾಫಿ ಕಾಯಿಸಿ ನಮಗೆ ಕಳಿಸುತ್ತಿದ್ದರು. ಮುಂದಿನ ವಾರವೇ ಗೌರಿ ಗಣೇಶ ಹಬ್ಬ. ಮನೆಯಲ್ಲಿ ಒಣಗಿದ್ದ ಒಂದೇ ಮೂಲೆಯಲ್ಲಿ ಅರಿಶಿನದ ಗಣಪತಿ ಮಾಡಿ ಪೂಜೆ ಮಾಡಿದರು. ಬೀದಿದೀಪ ಇಲ್ಲದ್ದರಿಂದ ಅವತ್ತು ಆಕಾಶ ತುಂಬ ನಕ್ಷತ್ರ. ನಾವು ಹೊರಗೆ ಓಡಿದರೆ ಅಮ್ಮ ಒಳಗಿಂದಲೇ "ಚೌತಿ ಚಂದ್ರನ್ನ ನೋಡ್ಬೇಡಿ!" ಅಂತ ಕೂಗಿದರು. ಅಷ್ಟೆಲ್ಲ ಆಗಿದ್ದರೂ ಅವರಿಗೆ ಆ ಚಿಂತೆ ಇತ್ತು. ಅದು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲು ಬರುವುದಿಲ್ಲ.

ಆಮೇಲೆ ಉತ್ತರಕ್ಕಿದ್ದ ಬ್ರೌವರ್ಡ್ ಕೌಂಟಿಯ ಒಂದು ಕನ್ನಡ ಕುಟುಂಬ ನಮ್ಮನ್ನು ಕರೆದುಕೊಂಡು ಹೋಗಿ ಇಟ್ಟುಕೊಂಡಿತು. ಅಪ್ಪ ಮಾತ್ರ ಮನೆ ಕಾಯಲು ಉಳಿದರು. ಶಾಲೆ ತಡವಾಗಿ ಶುರುವಾಯಿತು. ಒಂದೇ ಕಟ್ಟಡದಲ್ಲಿ ಬೆಳಗ್ಗೆ ನಾವು, ಮಧ್ಯಾಹ್ನ ಇನ್ನೊಂದು ಶಾಲೆಯ ಮಕ್ಕಳು. ಚಿತ್ರ ಬರೆಯಿರಿ ಅಂದರೆ ಎಲ್ಲರೂ ಛಾವಣಿ ಇಲ್ಲದ ಮನೆ ಬರೆಯುತ್ತಿದ್ದೆವು. ಟೀಚರ್ ಅದನ್ನೇ ಗೋಡೆಗೆ ಅಂಟಿಸಿ, ಪ್ರತಿಯೊಬ್ಬರನ್ನೂ ಕರೆದು ಏನಾಯಿತು ಹೇಳು ಅಂತ ಕೇಳಿದರು. ಅದು ತುಂಬ ಒಳ್ಳೆಯ ಕೆಲಸ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಕ್ಕಳಿಗೆ ಏನಾಗುತ್ತದೆ? ಅಕ್ಕನಿಗೆ ಬಹಳ ಕಾಲ ಗಾಳಿಗೆ ಬಾಗಿಲು ಬಡಿದರೆ ನಿದ್ದೆ ಹೋಗುತ್ತಿತ್ತು. ನನಗೆ ಆ ರಾತ್ರಿಗಿಂತ ಹೆಚ್ಚು ಹಿಂಸೆಯಾಗಿದ್ದು ಅಪ್ಪ ಇಲ್ಲದ ವಾರಗಳು. ಮಕ್ಕಳು ಗಾಳಿಯನ್ನು ತಡೆದುಕೊಳ್ಳುತ್ತಾರೆ. ಮನೆಯವರು ಬೇರೆ ಬೇರೆಯಾದರೆ, ದೊಡ್ಡವರು ಪಿಸುಪಿಸು ಮಾತಾಡಿದರೆ, ಅದನ್ನು ತಡೆದುಕೊಳ್ಳುವುದಿಲ್ಲ. ಹಾಗಾಗಿ ಏನೂ ಆಗಲ್ಲ ಅಂತ ಸುಮ್ನೆ ಹೇಳಬೇಡಿ. ಮಗಳಿಗೆ ನಕ್ಷೆ ತೋರಿಸಿ, ಬಿರುಗಾಳಿ ಎಲ್ಲಿದೆ ಅಂತ ಅವಳೇ ದಿನಾ ಗುರುತು ಹಾಕಲಿ. ಮಗನ ಕೈಗೆ ಟಾರ್ಚ್ ಕೊಡಿ, ಅದು ಅವನ ಜವಾಬ್ದಾರಿ. ಸಾಧ್ಯವಾದಷ್ಟೂ ನಾಲ್ವರೂ ಒಟ್ಟಿಗಿರಿ.

ಈಗ ಮನೆ ವಿಷಯ. ಆಂಡ್ರೂನಲ್ಲಿ ಹಳೆ ಮನೆಗಳಿಗಿಂತ 1980ರ ನಂತರ ಕಟ್ಟಿದ ಎಷ್ಟೋ ಮನೆಗಳೇ ಜಾಸ್ತಿ ಹಾಳಾದವು. ಛಾವಣಿಯ ಹಲಗೆಗಳಿಗೆ ಸರಿಯಾಗಿ ಮೊಳೆ ಹೊಡೆದಿರಲಿಲ್ಲ. ಅದನ್ನು ನೋಡಿ ನಿಯಮ ಬಿಗಿ ಮಾಡಿದರು. ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮ 2002ರಲ್ಲಿ ಜಾರಿಗೆ ಬಂತು. ಇಲ್ಲಿ ಗಟ್ಟಿ ಗಾಜಿನ ಕಿಟಕಿಗೆ ಒಪ್ಪಿಗೆ ಸಿಗಬೇಕಾದರೆ ಸುಮಾರು ನಾಲ್ಕು ಕಿಲೋ ಮರದ ತೊಲೆಯನ್ನು ಗಂಟೆಗೆ 34 ಮೈಲಿ ವೇಗದಲ್ಲಿ ಅದಕ್ಕೆ ಹೊಡೆದು ನೋಡುತ್ತಾರೆ. ಹಾಗಾಗಿ 2002ರ ಈಚೆಗೆ ಕಟ್ಟಿದ ಮನೆ ನೋಡಿ. ಗಟ್ಟಿ ಗಾಜು ಅಥವಾ ಶಟರ್ ಇದೆಯಾ, ಶಟರ್ ಹಾಕುವವರು ಯಾರು ಅಂತ ಮಾಲೀಕರನ್ನು ಕೇಳಿ. ಸಮುದ್ರ ಕಾಣುವ ಮನೆ ಆಸೆ ಬೇಡ. ಊರನ್ನು ಎ ಇಂದ ಇ ವರೆಗೆ ವಲಯ ಮಾಡಿದ್ದಾರೆ, ಅದು ಗಾಳಿಗಲ್ಲ, ನುಗ್ಗುವ ಸಮುದ್ರದ ನೀರಿಗೆ. ಆಂಡ್ರೂನಲ್ಲಿ ಬಿಸ್ಕೇನ್ ಕೊಲ್ಲಿಯ ದಡದಲ್ಲಿ ನೀರು ಸುಮಾರು 17 ಅಡಿ ಏರಿತ್ತು. ನಿಮ್ಮ ವಲಯ ಖಾಲಿ ಮಾಡಿ ಅಂದರೆ ಯೋಚನೆ ಮಾಡದೆ ಹೊರಡಿ.

ಬಾಡಿಗೆ ಮನೆಯಾದರೂ ನಿಮ್ಮ ಸಾಮಾನಿಗೆ ಇನ್ಶೂರೆನ್ಸ್ ಮಾಡಿಸಿ. ಪ್ರವಾಹದ್ದು ಬೇರೆ ಪಾಲಿಸಿ, ಸರ್ಕಾರದ ಯೋಜನೆಯಲ್ಲಾದರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ. ಬಿರುಗಾಳಿ ಹತ್ತಿರ ಬಂದ ಮೇಲೆ ಹೆಚ್ಚಿನ ಕಂಪನಿಗಳು ಹೊಸ ಪಾಲಿಸಿ ಕೊಡುವುದಿಲ್ಲ.

ಅತ್ತೆ ಮಾವನನ್ನು ಕರೆಸುವ ಆಸೆ ಇದೆ ಅಂದಿರಿ. ದಯವಿಟ್ಟು ಡಿಸೆಂಬರಿನಿಂದ ಮೇ ಒಳಗೆ ಕರೆಸಿ. ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಕರೆಂಟ್ ಹೋದ ಮೇಲಿನ ಸೆಕೆಯನ್ನು ವಯಸ್ಸಾದವರ ದೇಹ ತಾಳುವುದಿಲ್ಲ. 2017ರಲ್ಲಿ ಇರ್ಮಾ ಹರಿಕೇನ್ ಹೋದ ಮೇಲೆ ಇಲ್ಲೇ ಪಕ್ಕದ ಹಾಲಿವುಡ್ ಊರಿನ ಒಂದು ಆರೈಕೆ ಕೇಂದ್ರದಲ್ಲಿ ಎಸಿ ಇಲ್ಲದೆ 12 ಹಿರಿಯರು ತೀರಿಕೊಂಡರು. ಆಮೇಲೆ ಅಂಥ ಕಡೆಗಳಲ್ಲಿ ಜನರೇಟರ್ ಕಡ್ಡಾಯ ಮಾಡಿದರು. ಮನೆಗೆ ನೀವು ಜನರೇಟರ್ ತಂದರೆ ಯಾವ ಕಾರಣಕ್ಕೂ ಒಳಗೆ, ಗ್ಯಾರೇಜಿನಲ್ಲಿ, ಕಿಟಕಿ ಹತ್ತಿರ ಓಡಿಸಬೇಡಿ. ಅದರ ಹೊಗೆಗೆ ಪ್ರತಿ ದೊಡ್ಡ ಹರಿಕೇನ್ ಆದಮೇಲೂ ಜನ ಸಾಯುತ್ತಾರೆ, ಇದನ್ನು ಯಜಮಾನರಿಗೂ ಓದಿ ಹೇಳಿ.

ನೀವು ಬರುವುದು ಆಗಸ್ಟಿನಲ್ಲಿ, ಅಂದರೆ ಸೀಸನ್ ಜೋರಾಗುವ ಹೊತ್ತಿಗೆ. ಬಂದ ವಾರವೇ ನೀರು, ಸೆಲ್, ಸಣ್ಣ ರೇಡಿಯೋ, ಒಂದು ತಿಂಗಳ ಔಷಧಿ ತೆಗೆದಿಡಿ. ಪಾಸ್‌ಪೋರ್ಟ್, ವೀಸಾ ಕಾಗದಗಳು ನೀರು ಹೋಗದ ಚೀಲದಲ್ಲಿರಲಿ. ಒಂದಿಷ್ಟು ಡಾಲರ್ ನೋಟು ಕೈಯಲ್ಲಿರಲಿ, ಕರೆಂಟ್ ಇಲ್ಲದಾಗ ಕಾರ್ಡ್ ನಡೆಯುವುದಿಲ್ಲ. ಅವಲಕ್ಕಿ ಈಗ ಇಲ್ಲೇ ಸಿಗುತ್ತದೆ, ಚಟ್ನಿಪುಡಿ ಮಾತ್ರ ಮನೆಯದನ್ನೇ ತನ್ನಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮನೆ ವಿಳಾಸ ನನಗೆ ಕಳಿಸಿ. ಯಾವ ವಲಯ, ಯಾವ ವರ್ಷ ಕಟ್ಟಿದ್ದು ಅಂತ ನೋಡಿ ಅವತ್ತೇ ಹೇಳುತ್ತೇನೆ.