ಡಿಜಿಮಾನ್ 'ಕಿಜುನಾ': ದಾಯ್ಸುಕೆ, ಮಿಯಾಕೊ ಎಲ್ಲಿಂದ ಬಂದರು?
ಮಕ್ಕಳ ಜೊತೆಗಾರರಾಗುವ ಡಿಜಿಟಲ್ ಜೀವಿಗಳ (ಡಿಜಿಮಾನ್) ಕಥೆಯಾದ ಜಪಾನಿನ ಆನಿಮೇಷನ್ ಸರಣಿ 'ಡಿಜಿಮಾನ್ ಅಡ್ವೆಂಚರ್'ನ 67 ಕಂತು ಮುಗಿಸಿದರೂ 'ಕಿಜುನಾ' ಸಿನಿಮಾದ ದಾಯ್ಸುಕೆ, ಮಿಯಾಕೊ ಯಾರೆಂದು ಮಗಳಿಗೆ ತಿಳಿಯಲಿಲ್ಲ ಎಂದಿದ್ದೀರಿ. 67 ಅಂದರೆ ಬಹುಶಃ ನೀವು ನೋಡಿದ್ದು 2020ರ ಸರಣಿ. 1999ರ ಮೊದಲ ಸರಣಿಯ ಹೆಸರೂ ಅದೇ, ನಾಯಕ ತಾಯ್ಚಿಯ ಬಳಗವೂ ಅದೇ, ಕಥೆ ಮಾತ್ರ ಬೇರೆ. ಸಿನಿಮಾ ಕೂಡ ಅದೇ ವರ್ಷದ್ದು, ಗೊಂದಲ ಸಹಜ. ಆದರೆ ಆ ಸಿನಿಮಾ 1999ರ ಕಥೆಯ ಮುಂದುವರಿಕೆ.

ಮೊದಲು 1999ರ 54 ಕಂತು, ಆಮೇಲೆ 'ಅಡ್ವೆಂಚರ್ 02'ರ 50 ಕಂತು ನೋಡಿ. ದಾಯ್ಸುಕೆ, ಮಿಯಾಕೊ ಬರುವುದು ಇಲ್ಲೇ. ಅದರ ನಂತರದ ಕಥೆ ಹೇಳುವ ಆರು ಭಾಗದ ಸಿನಿಮಾ ಸರಣಿ 'ಟ್ರೈ' ಬಿಟ್ಟರೂ ನಡೆಯುತ್ತದೆ, ನನಗಂತೂ ಕಥೆ ಎಳೆದಂತೆ ಅನ್ನಿಸಿತು. ಕೊನೆಗೆ 'ಕಿಜುನಾ' ಮತ್ತೊಮ್ಮೆ. ಡಿಜಿಮಾನ್‌ಗಳ ಅಗಲಿಕೆಯ ಕಥೆ, ಮಗಳು ಅಳಬಹುದು. ಅತ್ತರೆ 02ರ ಕೊನೆಯ ಕಂತು ಮತ್ತೆ ಹಾಕಿ: ಅದರಲ್ಲಿ ತಾಯ್ಚಿ, ದಾಯ್ಸುಕೆ ಬಳಗದವರು ದೊಡ್ಡವರಾದ ಮೇಲೂ ಅವರ ಜೊತೆ ಡಿಜಿಮಾನ್‌ಗಳಿವೆ.