ಟಕ್ ಟಕ್ ಅನ್ನುವ ಡಿಸ್ಕ್, ಒಳಗೆ ಮುತ್ಯಾನ ದನಿ

ಪ್ರಶ್ನೆ: ನಮ್ಮ ಮುತ್ಯಾ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದರು. ಅವರ ದನಿ, ಮನೆಯವರ ಫೋಟೋ, ಮದುವೆ ವಿಡಿಯೋ ಎಲ್ಲವೂ 1 ಟಿಬಿಯ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿವೆ. ಈಗ ಫೋಲ್ಡರ್ ತೆರೆಯಲು ಐದು ನಿಮಿಷ ಬೇಕು. ಕಾಪಿ ಅರ್ಧಕ್ಕೇ ನಿಲ್ಲುತ್ತದೆ. ಆಗಾಗ ಟಕ್ ಟಕ್ ಸದ್ದು. ನಿನ್ನೆ ಫಾರ್ಮ್ಯಾಟ್ ಮಾಡಿ ಅಂತ ಕೇಳಿತು, ನಾನು ಬೇಡ ಎಂದೆ. ಮುತ್ಯಾ ತೀರಿಕೊಂಡು ಎರಡು ವರ್ಷವಾಯಿತು. ಏನು ಮಾಡಲಿ?
— ಓದುಗರೊಬ್ಬರು, ಜೇವರ್ಗಿ

ಉತ್ತರ: ಬೇಡ ಎಂದದ್ದು ಬಹಳ ಒಳ್ಳೆಯದಾಯಿತು. ಈಗ ಡಿಸ್ಕ್ ತೆಗೆದು ಪಕ್ಕಕ್ಕಿಡಿ. ಇದನ್ನು ಪೂರ್ತಿ ಓದುವವರೆಗೆ ಮತ್ತೆ ಹಚ್ಚಬೇಡಿ.

ಇಷ್ಟು ಅವಸರದಿಂದ ಹೇಳಲು ಕಾರಣವಿದೆ. ಏಳು ವರ್ಷದ ಹಿಂದೆ, ಕಲಬುರಗಿಯ ಮೇ ತಿಂಗಳಲ್ಲಿ, ನನ್ನ ಡಿಸ್ಕ್‌ಗೂ ಹೀಗೇ ಆಯಿತು. ಅದರಲ್ಲಿ ಅವ್ವ ಹಾಡಿದ ಬೀಸುವ ಪದಗಳಿದ್ದವು. ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಅನ್ನುವ ಸಾಧನ ಓಡಿಸಿದರೆ ಸರಿಹೋಗುತ್ತೆ ಅಂತ ಯಾರೋ ಹೇಳಿದರು. ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಮುಟ್ಟಿದರೆ ಡಿಸ್ಕ್ ಸುಡುತ್ತಿತ್ತು, ಮತ್ತೆ ತೆರೆಯಲೇ ಇಲ್ಲ. ಚೆಕ್‌ಡಿಸ್ಕ್ ಸರಿಮಾಡುವುದು ಫೈಲ್‌ಗಳ ಲೆಕ್ಕವನ್ನು. ಸವೆದ ಡಿಸ್ಕನ್ನಲ್ಲ. ಅದು ಡಿಸ್ಕನ್ನು ಕೆದಕುತ್ತದೆ, ಕೆಡುತ್ತಿರುವ ಡಿಸ್ಕ್ ಮೇಲೆ ಬರೆಯಲೂ ಹೋಗುತ್ತದೆ. ದಯವಿಟ್ಟು ನೀವು ಅದರ ಹತ್ತಿರ ಹೋಗಬೇಡಿ.

ಮೊದಲು ಕೇಬಲ್ ಬದಲಿಸಿ. ಯುಎಸ್‌ಬಿ ಹಬ್ ಬೇಡ, ನೇರವಾಗಿ ಲ್ಯಾಪ್‌ಟಾಪ್‌ಗೇ ಹಚ್ಚಿ. ಕರೆಂಟ್ ಸಾಲದಿದ್ದರೂ ಡಿಸ್ಕ್ ಟಕ್ ಅನ್ನುತ್ತದೆ. ಹಚ್ಚುವ ಮುಂಚೆ ಡಿಸ್ಕನ್ನು ನೆಲದ ಮೇಲಿಡಿ. ನಿಮ್ಮ ಮನೆಯಲ್ಲಿ ಶಹಾಬಾದ್ ಫರ್ಸಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ತಂಪು, ಸಮತಟ್ಟು, ಬೀಳುವ ಭಯವಿಲ್ಲ. ಕೆಲಸ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಇಂಥ ಎಷ್ಟೋ ಡಿಸ್ಕ್‌ಗಳು 35 ಡಿಗ್ರಿಯವರೆಗಿನ ವಾತಾವರಣಕ್ಕೆ ಮಾಡಿದವು. ನಮ್ಮ ಬೇಸಿಗೆಯ ಮಧ್ಯಾಹ್ನ 40 ದಾಟುತ್ತದೆ.

ಈಗ ಹಚ್ಚಿ, ಡಿಸ್ಕ್ ಎತ್ತದೆ ಕಿವಿಯನ್ನೇ ಅದರ ಹತ್ತಿರ ತಂದು ಕೇಳಿ. ಗುಂಯ್ ಅಂತ ಒಂದೇ ಸಮ ತಿರುಗುತ್ತಿದ್ದು, ನಡುವೆ ಎಲ್ಲೋ ಒಮ್ಮೆ ತಡವರಿಸಿದರೆ ನಾವು ಪ್ರಯತ್ನಿಸಬಹುದು. ಟಕ್, ಟಕ್, ಟಕ್ ಅಂತ ಗಡಿಯಾರದ ಹಾಗೆ ಬಡಿದು ತಿರುಗುವುದೇ ನಿಂತರೆ ತಕ್ಷಣ ಕೇಬಲ್ ಕೀಳಿ. ಓದುವ ಹೆಡ್‌ಗೆ ತನ್ನ ಜಾಗ ಸಿಗುತ್ತಿಲ್ಲ, ಹೋಗಿ ಹೋಗಿ ವಾಪಸ್ ಬರುತ್ತಿದೆ. ಆ ಸ್ಥಿತಿಯಲ್ಲಿ ಮತ್ತೆ ಮತ್ತೆ ಹಚ್ಚಿದರೆ ಅದು ಡೇಟಾ ಬರೆದಿರುವ ತಟ್ಟೆಯನ್ನೇ ಕೆರೆಯಬಹುದು. ಕ್ಲೀನ್ ರೂಮ್, ಅಂದರೆ ಧೂಳು ಬಾರದ ಕೋಣೆ, ಇರುವ ಡೇಟಾ ರಿಕವರಿ ಲ್ಯಾಬ್‌ಗೆ ಕೊಡುವುದೊಂದೇ ದಾರಿ. ಖರ್ಚು ಜಾಸ್ತಿ. ಮೊದಲೇ ಬರಹದಲ್ಲಿ ದರ ಕೇಳಿ, ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು ಅನ್ನುವುದನ್ನೂ ಕೇಳಿ. ಊರಲ್ಲಿ ಯಾರಿಗೂ ಮುಚ್ಚಳ ಬಿಚ್ಚಲು ಬಿಡಬೇಡಿ. ಫ್ರಿಜ್‌ನಲ್ಲೂ ಇಡಬೇಡಿ, ಒಳಗೆ ನೀರಿನ ಪಸೆಯಾಗುತ್ತದೆ.

ಡಿಸ್ಕ್ ತೆರೆದುಕೊಂಡರೆ ಎಲ್ಲವನ್ನೂ ಒಟ್ಟಿಗೆ ಎಳೆಯಬೇಡಿ. ಮುತ್ಯಾನ ದನಿ ಮೊದಲು. ಸಾಮಾನ್ಯ ಎಂಪಿ3ಯಲ್ಲಿ ಒಂದು ಗಂಟೆಯ ಹಾಡು ಸುಮಾರು 60 ಎಂಬಿ ಅಷ್ಟೇ. ಹತ್ತು ತಾಸಿನ ಪದಗಳು ಒಂದು ಸಣ್ಣ ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತವೆ. ಒಂದೊಂದೇ ಫೈಲ್ ತೆಗೆಯಿರಿ. ಯಾವುದಾದರೂ ಸಿಕ್ಕಿಹಾಕಿಕೊಂಡರೆ ಬಿಟ್ಟು ಮುಂದಿನದಕ್ಕೆ ಹೋಗಿ. ಮದುವೆ ವಿಡಿಯೋ ಕೊನೆಗೆ, ಅದರ ಕಾಪಿ ನೆಂಟರ ಹತ್ತಿರ ಇದ್ದರೂ ಇರುತ್ತೆ ಅಲ್ವಾ?

ಉಳಿದದ್ದಕ್ಕೆ ಲಿನಕ್ಸ್ ಬಲ್ಲವರನ್ನು ಹಿಡಿಯಿರಿ. ಕೆಡುತ್ತಿರುವ ಡಿಸ್ಕನ್ನು ಇದ್ದ ಹಾಗೇ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡುವ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನವಿದೆ. ಅದು ಸುಲಭವಾಗಿ ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಬಂತು ಅನ್ನುವುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ನಡುವೆ ಕರೆಂಟ್ ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಹಳೆಯದಕ್ಕಿಂತ ದೊಡ್ಡ ಹೊಸ ಡಿಸ್ಕ್ ಬೇಕು. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಎರಡೆರಡು ಸಲ ನೋಡಿ. ಅದಲುಬದಲಾದರೆ ಮುತ್ಯಾನ ಪದಗಳ ಮೇಲೆ ಖಾಲಿ ಡಿಸ್ಕ್ ಬರೆದುಬಿಡುತ್ತದೆ. ಫೈಲ್ ಹುಡುಕುವ ಕೆಲಸವೆಲ್ಲ ಹೊಸ ಕಾಪಿಯ ಮೇಲೆ ಮಾಡಿ.

ಪದಗಳು ಸಿಕ್ಕಿದ ದಿನವೇ ಒಂದು ಪ್ರತಿಯನ್ನು ಬೇರೆ ಊರಲ್ಲಿರುವ ನೆಂಟರಿಗೆ ಕಳಿಸಿ. ಸಿಕ್ಕವು ಅಂತ ನನಗೂ ಒಂದು ಸಾಲು ಬರೆಯಿರಿ.

ಪ್ರಶ್ನೆ: ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಕೊಂಡರೆ ಈ ತಾಪತ್ರಯವೇ ಇಲ್ಲವಂತೆ, ನಿಜವೇ?
— ಓದುಗರೊಬ್ಬರು, ಬೀದರ್

ಉತ್ತರ: ಎಸ್‌ಎಸ್‌ಡಿ ತಟ್ಟೆಯ ಬದಲು ಚಿಪ್‌ಗಳಲ್ಲಿ ಬರೆದಿಡುತ್ತದೆ. ಬಿದ್ದರೆ ಕೆಡುವ ಭಯ ಕಡಿಮೆ, ಒಳಗೆ ತಿರುಗುವ ಭಾಗವೇ ಇಲ್ಲ. ಆದರೆ ಕೆಡುವ ಮುಂಚೆ ಅದು ಟಕ್ ಅನ್ನುವುದಿಲ್ಲ, ಎಷ್ಟೋ ಸಲ ಸುಮ್ನೆ ಒಂದು ದಿನ ಕಾಣಿಸುವುದೇ ಇಲ್ಲ. ವರ್ಷಗಟ್ಟಲೆ ಕರೆಂಟ್ ಕೊಡದೆ ಕಪಾಟಿನಲ್ಲಿಟ್ಟರೆ ಬರೆದದ್ದು ಅಳಿಸಿಹೋಗುವುದೂ ಉಂಟು. ದಿನದ ಕೆಲಸಕ್ಕೆ ಎಸ್‌ಎಸ್‌ಡಿ ತಗೊಳ್ಳಿ. ಎತ್ತಿಡುವ ಫೋಟೋಗಳಿಗೆ ಹಾರ್ಡ್ ಡಿಸ್ಕೇ ಸಾಕು, ಆದರೆ ಎರಡು ತಗೊಳ್ಳಿ.