ಕೌನ್ಸೆಲಿಂಗಿನಲ್ಲಿ ಮಗ ಹೇಳಿದ್ದನ್ನು ತಂದೆಗೆ ಹೇಳಬೇಕಾ?

ಹೊಸದಾಗಿ ಕೌನ್ಸೆಲರ್ ಆಗಿದ್ದೀರಿ. 24 ವರ್ಷದ ಹುಡುಗನಿಗೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಟ್ಟಿದ್ದೀರಿ. ಈಗ ಅವನ ತಂದೆ ದಿನಾ ಬಂದು ಏನಂದ ಅಂತ ಕೇಳುತ್ತಿದ್ದಾರೆ, ಹೇಳಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಅವನು ಒಪ್ಪದೆ ಹೇಳಬೇಡಿ. ಹಾಗಂತ ತಂದೆಯನ್ನು ಬಾಗಿಲಲ್ಲೇ ವಾಪಸ್ ಕಳಿಸಬೇಡಿ. ಕೂರಿಸಿ, ನೀರು ಕೊಡಿ, ಅವರ ಸಂಕಟ ಕೇಳಿ. "ಅವನನ್ನ ಒಮ್ಮೆ ಕೇಳ್ತೀನ್ರಿ, ಹೂಂ ಅಂದರೆ ಮೂವರೂ ಕೂತು ಮಾತಾಡೋಣ" ಅನ್ನಿ.

ನನಗೆ ಜಾಸ್ತಿ ಚಿಂತೆ ಆಗಿದ್ದು ನೀವು ಕೊಟ್ಟ ಆ ಮಾತಿನದು. ಬಳ್ಳಾರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಅದೇ ಮಾತು ಕೊಟ್ಟಿದ್ದೆ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಹೈಸ್ಕೂಲ್ ಹುಡುಗಿ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, "ಯಾರಿಗೂ ಹೇಳಂಗಿಲ್ಲ ಅಲ್ಲಕ್ಕಾ?" ಅಂದಳು. "ಇಲ್ಲಮ್ಮಾ" ಅಂದುಬಿಟ್ಟೆ. ಆಮೇಲೆ ಅವಳು ಬಾಯಿಬಿಟ್ಟಿದ್ದು ಮನೆಯವರೇ ಒಬ್ಬರು ಕೊಡುತ್ತಿದ್ದ ಲೈಂಗಿಕ ಕಿರುಕುಳದ ವಿಷಯ. 18 ತುಂಬದ ಮಕ್ಕಳ ಮೇಲೆ ಹೀಗೆ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಅದನ್ನೇ ಹೇಳುತ್ತದೆ, ಕೌನ್ಸೆಲರ್‌ಗೆ ವಿನಾಯಿತಿ ಇಲ್ಲ. ತಿಳಿಸಿದೆ. ಇವತ್ತು ಬಂದರೂ ತಿಳಿಸುತ್ತೇನೆ. ಆದರೆ ಅದನ್ನು ಅವಳಿಗೆ ಹೇಳಿದಾಗ ಬೆರಳು ನಿಂತುಹೋದವು. ನನ್ನ ಮುಖವನ್ನೇ ನೋಡಿದಳು. ಮತ್ತೆ ನನ್ನ ಹತ್ತಿರ ಬಾಯಿ ತೆರೆಯಲಿಲ್ಲ, ಬೇರೆಯವರ ಹತ್ತಿರ ಕಳಿಸಬೇಕಾಯಿತು. ಆ ಒಂದು "ಇಲ್ಲಮ್ಮಾ" ನಾನು ಆಡಬಾರದಿತ್ತು.

ಈಗ ಯಾರೇ ಬರಲಿ, ಅವರು ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ: "ನೀವು ಹೇಳಿದ್ದು ನನ್ನಲ್ಲೇ ಇರುತ್ತೆ. ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ, ನಿಮ್ಮಿಂದ ಇನ್ನೊಬ್ಬರಿಗೆ ಅಪಾಯ ಅನ್ನಿಸಿದರೆ, ಮಗುವಿಗೆ ತೊಂದರೆ ಆಗ್ತಿದ್ದರೆ, ಕೋರ್ಟು ಕೇಳಿದರೆ ಮಾತ್ರ ಹೇಳಬೇಕಾಗುತ್ತೆ. ಆದಷ್ಟು ಮೊದಲು ನಿಮಗೇ ತಿಳಿಸ್ತೀನಿ." 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಯುವ ಹಕ್ಕನ್ನೂ ಕೊಟ್ಟಿದೆ, ಇಂಥ ಕೆಲವು ವಿನಾಯಿತಿಗಳನ್ನೂ ಇಟ್ಟಿದೆ. ಒಮ್ಮೆ ಓದಿಕೊಳ್ಳಿ.

ನಮ್ಮಂಥ ಊರುಗಳಲ್ಲಿ ಇನ್ನೊಂದು ಕಷ್ಟ ಇದೆ. 1985ರ ಹೊತ್ತಿಗೇ ನಿಮ್ಹಾನ್ಸ್‌ನವರು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮನಸ್ಸಿನ ಕಾಯಿಲೆಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಔಷಧಿ ಸಿಗುವ ಹಾಗೆ ಮಾಡಲು ಶುರು ಮಾಡಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ "ಯಾರಾದರೂ ನೋಡಿಬಿಟ್ಟಾರು" ಅನ್ನುವ ಅಂಜಿಕೆ ಇನ್ನೂ ಹೋಗಿಲ್ಲ. ಜೀನ್ಸ್ ಹೊಲಿಯುವ ಹುಡುಗ ಬಂದರೆ ಅವನ ಓನರ್ ನಮ್ಮ ಓಣಿಯವರೇ ಆಗಿರಬಹುದು. ಹಾಗಾಗಿ ಮಾರ್ಕೆಟ್‌ನಲ್ಲಿ ಎದುರಾದರೆ ನಾನಾಗಿ ಮಾತಾಡಿಸುವುದಿಲ್ಲ. ಯಾಕೆ ಅಂತ ಮೊದಲ ದಿನವೇ ಹೇಳಿರುತ್ತೇನೆ. ಇಲ್ಲದಿದ್ದರೆ ಮುಖ ತಿರುಗಿಸಿದರು ಅಂತ ನೊಂದುಕೊಳ್ಳುತ್ತಾರೆ, ಅಲ್ವಾ?

ನಿಮ್ಮ ಹುಡುಗನ ವಿಷಯಕ್ಕೆ ಬಂದರೆ, ಇನ್ನೂ ತಡ ಆಗಿಲ್ಲ. ಮುಂದಿನ ಸಲ ಬಂದಾಗ ಬೇರೆ ಮಾತು ತೆಗೆಯುವ ಮೊದಲು, "ಅವತ್ತು ನಾನು ಪೂರ್ತಿ ಹೇಳಲಿಲ್ಲಪ್ಪಾ" ಅಂತ ಶುರು ಮಾಡಿ. ತಂದೆ ಬಂದಿದ್ದರು ಅನ್ನುವುದನ್ನೂ ಅವನಿಗೆ ತಿಳಿಸಿ.